ಮಲ್ಟಿಟೂಲಿನ ಕಚ್ಚು, ಮುನ್ನೂರು ರೂಪಾಯಿಯ ಸ್ಟ್ರಿಪ್ಪರ್

ಮೊದಲೇ ಹೇಳಿಬಿಡುತ್ತೇನೆ. ನೀವು ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಮಡಚಿಟ್ಟ ಮಲ್ಟಿಟೂಲ್ ಕೊಳ್ಳುವ ಯೋಚನೆಯಲ್ಲಿದ್ದು, ಅದರ ಡಬ್ಬದ ಮೇಲೆ ‘ವೈರ್ ಸ್ಟ್ರಿಪ್ಪರ್’ (ವೈರಿನ ಪ್ಲಾಸ್ಟಿಕ್ ಹೊದಿಕೆ ಸುಲಿಯುವ ಸಾಧನ) ಎಂದು ಬರೆದಿರುವುದೂ ನಿಮ್ಮ ಲೆಕ್ಕಾಚಾರದಲ್ಲಿ ಸೇರಿದ್ದರೆ, ಅದೊಂದನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿ. ಉಳಿದವುಗಳಿಗಾಗಿಯೇ ಅಷ್ಟು ದುಡ್ಡು ಕೊಡಬಹುದು ಎನಿಸಿದರೆ ಖಂಡಿತ ಕೊಳ್ಳಿ. ವೈರ್ ಸುಲಿಯುವುದಕ್ಕೆಂದು ಕೊಳ್ಳಬೇಡಿ.

ನಾನು ವೃತ್ತಿಯಿಂದ ಎಲೆಕ್ಟ್ರಿಷಿಯನ್ ಅಲ್ಲ. ಹಗಲು ಕಚೇರಿ, ಸಂಜೆ ತಾಲೀಮು. ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಬೆಳಕಿನ ಹೊಣೆ ಬಹಳ ವರ್ಷಗಳಿಂದ ನನ್ನ ಮೇಲಿದೆ. ಈ ಕೆಲಸದಲ್ಲಿ ಬಣ್ಣ, ನೆರಳುಗಳ ಬಗ್ಗೆ ಯೋಚಿಸಲು ಸಿಗುವ ಹೊತ್ತು ಕಡಿಮೆ. ಮುಕ್ಕಾಲು ಪಾಲು ಸಮಯ ಕೇಬಲ್ಲು, ಪ್ಲಗ್ಗು, ಹೋಲ್ಡರುಗಳಿಗೇ ಹೋಗುತ್ತದೆ. ತಾಲ್ಲೂಕು ಕೇಂದ್ರಗಳ ರಂಗಮಂದಿರ, ಶಾಲೆಯ ಮೈದಾನ, ಕಲ್ಯಾಣ ಮಂಟಪ, ಎಲ್ಲಿ ನಾಟಕವಿದ್ದರೂ ಕೇಬಲಿನ ಚೀಲ ನಮ್ಮೊಂದಿಗೆ ಬರುತ್ತದೆ. ಸೊಂಟದಲ್ಲಿ ಮಲ್ಟಿಟೂಲ್, ಚೀಲದಲ್ಲಿ ಸ್ಟ್ರಿಪ್ಪರ್. ಎರಡನ್ನೂ ವರ್ಷಗಟ್ಟಲೆ ಒಟ್ಟಿಗೆ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಮಲ್ಟಿಟೂಲ್ ತಯಾರಕರು ವೈರ್ ಸುಲಿಯುವ ಭಾಗವನ್ನು ಎಲ್ಲಿಟ್ಟಿದ್ದಾರೆ ಎಂಬುದನ್ನು ನೋಡಿದರೆ ಅದಕ್ಕೆ ಅವರು ಕೊಟ್ಟ ಮಹತ್ವ ಗೊತ್ತಾಗುತ್ತದೆ. ವಿಕ್ಟೊರಿನಾಕ್ಸ್‌ನ ಸ್ವಿಸ್ ಚಾಕುಗಳಲ್ಲಿ ಅದು ಬಾಟಲಿಯ ಮುಚ್ಚಳ ತೆಗೆಯುವ ಅಲಗಿನ ಬುಡದಲ್ಲಿ ಕೊರೆದ ಒಂದು ಸಣ್ಣ ಕಚ್ಚು. ಇಕ್ಕಳವಿರುವ ದೊಡ್ಡ ಮಲ್ಟಿಟೂಲುಗಳಲ್ಲೂ ಹಲವು ಕಂಪನಿಗಳು ಅದೇ ಜಾಗವನ್ನು ಕೊಟ್ಟಿವೆ. ನನ್ನದರಲ್ಲೂ ಅಲ್ಲೇ ಇದೆ. ಒಂದೇ ಕಚ್ಚು, ಒಂದೇ ಅಳತೆ, ಒಂದೇ ಬದಿಗೆ ಅಂಚು.

ಇದರಲ್ಲಿ ಸುಲಿಯುವ ವಿಧಾನ ಹೀಗಿದೆ: ವೈರನ್ನು ಕಚ್ಚಿನಲ್ಲಿ ಕೂರಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಒಂದು ಸುತ್ತು ತಿರುಗಿಸಿ, ಆಮೇಲೆ ಎಳೆಯಬೇಕು. ಒತ್ತಡ ಕಡಿಮೆಯಾದರೆ ಪ್ಲಾಸ್ಟಿಕ್ ಕತ್ತರಿಸುವುದಿಲ್ಲ. ಎಳೆದಾಗ ಹಿಗ್ಗಿ, ಬಿಳಿಚಿಕೊಂಡು, ಕೊನೆಗೆ ಓರೆಯಾಗಿ ಹರಿಯುತ್ತದೆ. ಒತ್ತಡ ಹೆಚ್ಚಾದರೆ ಅಂಚು ತಾಮ್ರಕ್ಕೇ ತಾಗುತ್ತದೆ. ಒಂದೂವರೆ ಎಂಎಂ (ಎಂದರೆ ತಾಮ್ರದ ಅಡ್ಡಕೊಯ್ತ ಒಂದೂವರೆ ಚದರ ಮಿಲಿಮೀಟರ್) ವೈರಿನ ಪ್ಲಾಸ್ಟಿಕ್ ಹೊದಿಕೆ ಮುಕ್ಕಾಲು ಮಿಲಿಮೀಟರಿಗಿಂತಲೂ ತೆಳುವಾಗಿರುತ್ತದೆ. ಅಷ್ಟರಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಹೆಬ್ಬೆರಳೇ ಅಂದಾಜು ಮಾಡಬೇಕು. ಬಿಡುವಾಗಿ ಕುಳಿತು ಒಂದು ವೈರ್ ಸುಲಿಯುವಾಗ ಅಂದಾಜು ಸರಿಯಾಗಿಯೇ ಬರುತ್ತದೆ. ಆದರೆ ಮೂರು ವೈರಿನ ಕೇಬಲ್, ಎರಡೂ ತುದಿ, ಅಂಥವು ಒಂದು ಚೀಲ ತುಂಬ ಇರುವಾಗ ಬೆರಳು ಸೋತು ಅಂದಾಜು ತಪ್ಪುತ್ತದೆ.

ತಪ್ಪಿದರೆ ಏನಾಗುತ್ತದೆ ಎಂಬುದೇ ನನ್ನ ಮುಖ್ಯ ದೂರು. ಮನೆ ವೈರಿಂಗಿಗೆ ಬಳಸುವ ಒಂದೂವರೆ ಎಂಎಂ ವೈರಿನಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರ್ ದಪ್ಪದ 22 ಎಳೆಗಳಿರುತ್ತವೆ; ಎರಡೂವರೆಯಲ್ಲಿ 36, ನಾಲ್ಕರಲ್ಲಿ 56. ಸುಲಿಯುವಾಗ 22ರಲ್ಲಿ ಮೂರು ಎಳೆ ಹೋದರೆ ಆ ಜಾಗದಲ್ಲಿ ತಾಮ್ರದ ಸುಮಾರು ಏಳನೇ ಒಂದು ಭಾಗವೇ ಹೋಯಿತು. ಅಷ್ಟಕ್ಕೇ ಬೆಂಕಿ ಬೀಳುವುದಿಲ್ಲ, ನಿಜ. ಗೋಡೆಯೊಳಗೆ ಅಲುಗಾಡದೆ ಕೂರುವ ವೈರಾದರೆ ಹಾಗೆಯೇ ಎಷ್ಟೋ ಕಾಲ ನಡೆಯಬಹುದು. ನಾಟಕದ ಕೇಬಲಿಗೆ ಆ ನೆಮ್ಮದಿ ಇಲ್ಲ. ಪ್ರತಿ ಪ್ರದರ್ಶನಕ್ಕೂ ಅದನ್ನು ಬಿಚ್ಚುತ್ತೇವೆ, ಎಳೆಯುತ್ತೇವೆ, ಜನ ತುಳಿಯುತ್ತಾರೆ, ಮತ್ತೆ ಸುತ್ತಿ ತುಂಬುತ್ತೇವೆ. ಗೀರು ಬಿದ್ದ ಎಳೆ ಆ ಗೀರಿನಲ್ಲೇ ಬಾಗಿ ಬಾಗಿ ತುಂಡಾಗುತ್ತದೆ. ಎಳೆಗಳು ಕಡಿಮೆಯಾದಂತೆ ಸ್ಕ್ರೂವಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿ ಹುಟ್ಟುತ್ತದೆ. ರಂಗಕ್ಕೆ ಬೆಳಕು ಚೆಲ್ಲುವ ಸಾವಿರ ವಾಟಿನ ಒಂದು ಹ್ಯಾಲೊಜನ್ ಪಾರ್ ದೀಪ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಒಂದು ಲೈನಿಗೆ ಮೂರು ದೀಪ ಹಾಕಿದರೆ ಹದಿಮೂರು. ಅಷ್ಟೂ ಹೊರೆ ಪ್ಲಗ್ಗಿನಲ್ಲಿ ವೈರ್ ಕೂರುವ ಒಂದು ಪಿನ್ನಿನ ತೂತಿನ ಮೂಲಕವೇ ಹೋಗಬೇಕು. ಪ್ಲಗ್ ಮುಚ್ಚಿದ ಮೇಲೆ ಒಳಗೆ ಎಷ್ಟು ಎಳೆ ಉಳಿದಿವೆಯೆಂದು ಯಾರಿಗೂ ಕಾಣುವುದಿಲ್ಲ. ಎರಡನೇ ಅಂಕದ ನಡುವೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಾಗಲೇ ಗೊತ್ತಾಗುವುದು. ರಂಗದ ಮೇಲೆ ನಟರಿರುವಾಗ ಆ ವಾಸನೆ ಹಿಡಿದು ಹುಡುಕಾಡುವ ಪಾಡು ಬೆಳಕಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಸ್ಟ್ರಿಪ್ಪರ್. ಮಾರುಕಟ್ಟೆ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೊಂಡದ್ದು, ಮುನ್ನೂರು ರೂಪಾಯಿಗೆ ಚಿಲ್ಲರೆ ವಾಪಸ್ ಬಂತು. ಎರಡು ತೋಳು, ನಡುವೆ ಒಂದು ಸ್ಪ್ರಿಂಗ್, ಬಾಯಿಯಲ್ಲಿ ಎದುರುಬದುರಾಗಿ ಎರಡು ‘ವಿ’ ಆಕಾರದ ಕಚ್ಚು, ತೋಳಿನ ಮೇಲೆ ಜಾರಿಸಿ ಬಿಗಿ ಮಾಡುವ ಒಂದು ಸ್ಕ್ರೂ. ನೋಡುವುದಕ್ಕೆ ಏನೂ ಇಲ್ಲ. ಕೊಳ್ಳುವಾಗ ನಾನು ನೋಡಿದ್ದು ಅದರ ಬಾಯಿಯನ್ನು ಮಾತ್ರ. ಈಗ ಯಾರಾದರೂ ಕೇಳಿದರೆ ಆ ಸ್ಕ್ರೂವನ್ನು ಮೊದಲು ತೋರಿಸುತ್ತೇನೆ.

ಆ ಸ್ಕ್ರೂ ಬಾಯಿ ಎಷ್ಟು ಮುಚ್ಚಬೇಕೋ ಅಷ್ಟಕ್ಕೇ ತಡೆಯುತ್ತದೆ. ಬೇಡದ ತುಂಡೊಂದರ ಮೇಲೆ ಒಮ್ಮೆ ಪರೀಕ್ಷಿಸಿ, ಎರಡೂವರೆ ಎಂಎಂಗೆ ಸರಿಯಾಗಿ ಕೂರಿಸಿ ಬಿಗಿ ಮಾಡಿದರೆ ಮುಗಿಯಿತು. ಆಮೇಲೆ ಎಷ್ಟು ಬಲ ಹಾಕಿ ಒತ್ತಿದರೂ ಬಾಯಿ ತಾಮ್ರದ ಅಂಚಿಗೆ ಬಂದು ನಿಲ್ಲುತ್ತದೆ. ಹೆಬ್ಬೆರಳಿನ ಅಂದಾಜು ಬೇಕಿಲ್ಲ. ಒತ್ತು, ಅರ್ಧ ಸುತ್ತು ತಿರುಗಿಸು, ಎಳೆ. ಹೊದಿಕೆ ಮುರಿಯದೆ, ಹರಿಯದೆ, ಒಂದು ಪುಟ್ಟ ಕೊಳವೆಯಾಗಿ ಕಳಚಿ ಬರುತ್ತದೆ, ಒಳಗಿನ ಎಳೆಗಳು ಕಾರ್ಖಾನೆಯಲ್ಲಿ ಹೆಣೆದ ಓರೆಯಲ್ಲೇ ಹೊಳೆಯುತ್ತಾ ನಿಂತಿರುತ್ತವೆ. ಇಷ್ಟು ಕಡಿಮೆ ಬೆಲೆಯ ವಸ್ತು ಇಷ್ಟು ಖುಷಿ ಕೊಡುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ.

ಪ್ರದರ್ಶನದ ಹಿಂದಿನ ಸಂಜೆ ರಂಗದ ಹಲಗೆಯ ಮೇಲೆ ಕೂತು ಕೇಬಲ್ ಪರೀಕ್ಷಿಸುವುದು ನನ್ನ ರೂಢಿ. ನಟರು ಒಂದು ಕಡೆ ಮಾತು ಒಪ್ಪಿಸುತ್ತಿರುತ್ತಾರೆ, ನಾನು ಇನ್ನೊಂದು ಕಡೆ ಕೇಬಲ್ ತುದಿಯ ಪ್ಲಗ್ಗುಗಳನ್ನು, ಅಂದರೆ ತ್ರೀ ಪಿನ್ ಟಾಪುಗಳನ್ನು, ಒಂದೊಂದಾಗಿ ಬಿಚ್ಚುತ್ತಿರುತ್ತೇನೆ. ಒಳಗಿನ ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡುತ್ತೇನೆ. ತಾಮ್ರ ಕಪ್ಪಾಗಿದ್ದರೆ ಅಥವಾ ಹಸಿರು ಹಿಡಿದಿದ್ದರೆ ಕೆಂಪು ತಾಮ್ರ ಕಾಣುವವರೆಗೆ ತುದಿಯನ್ನು ಕತ್ತರಿಸಿ ಹಿಂದೆ ಬರುತ್ತೇನೆ. ಹೊರಗಿನ ದಪ್ಪ ಹೊದಿಕೆಯನ್ನು ತೆಗೆದು, ಒಳಗಿನ ಮೂರನ್ನು ಸ್ಟ್ರಿಪ್ಪರಿನ ಬಾಯಿಗೆ ಕೊಡುತ್ತೇನೆ. ಹಸಿರು ವೈರನ್ನು ಮಾತ್ರ ಉಳಿದೆರಡಕ್ಕಿಂತ ಒಂದು ಬೆರಳಿನ ಅಗಲದಷ್ಟು ಉದ್ದ ಬಿಡಬೇಕು. ಯಾರಾದರೂ ಎಡವಿ ಕೇಬಲ್ ಕಿತ್ತುಬಂದರೆ ಫೇಸ್, ನ್ಯೂಟ್ರಲ್ ಮೊದಲು ಕಳಚಲಿ, ಅರ್ತ್ ಕೊನೆಗೆ ಕಳಚಲಿ ಎಂಬುದಕ್ಕೆ ಈ ಏರ್ಪಾಡು. ಆಮೇಲೆ ಎಳೆಗಳನ್ನು ಸ್ಕ್ರೂ ತಿರುಗುವ ದಿಕ್ಕಿನಲ್ಲೇ ಹೊಸೆದು, ಮಡಚಿ, ಪಿನ್ನಿನ ತೂತಿಗೆ ತುಂಬಿ ಬಿಗಿಮಾಡುತ್ತೇನೆ. ಸ್ಟ್ರಿಪ್ಪರಿನಿಂದ ಸುಲಿದಾಗ ಎಲ್ಲ ತುದಿಗಳಲ್ಲೂ ಬರಿಯ ತಾಮ್ರ ಒಂದೇ ಉದ್ದಕ್ಕೆ ಬರುವುದರಿಂದ ಹೊದಿಕೆ ನೇರ ತೂತಿನ ಅಂಚಿಗೆ ಹೋಗಿ ಕೂರುತ್ತದೆ, ಬರಿಯ ತಾಮ್ರ ಎಲ್ಲೂ ಇಣುಕುವುದಿಲ್ಲ. ಕೊನೆಗೆ ಕೇಬಲಿನ ಮೈಯನ್ನು ಹಿಡಿಯುವ ಪಟ್ಟಿಯನ್ನು ಬಿಗಿಮಾಡಲು ಮರೆಯಬೇಡಿ. ಎಳೆತವನ್ನು ತಡೆಯುವುದು ಆ ಪಟ್ಟಿ, ತಾಮ್ರವಲ್ಲ.

ಇಷ್ಟು ಬೈದ ಮೇಲೂ ಮಲ್ಟಿಟೂಲ್ ನನ್ನ ಸೊಂಟ ಬಿಟ್ಟಿಲ್ಲ. ಅದಕ್ಕೆ ಕಾರಣ ಏಣಿ. ಹನ್ನೆರಡು ಅಡಿ ಎತ್ತರದಲ್ಲಿ ಒಂದು ಕೈ ಏಣಿಗೆ ಕೊಟ್ಟು, ಇನ್ನೊಂದು ಕೈಯಲ್ಲಿ ದೀಪ ತಿರುಗಿಸುವಾಗ ಇಡೀ ಚೀಲ ಮೇಲಕ್ಕೆ ಬರುವುದಿಲ್ಲ. ಕ್ಲ್ಯಾಂಪಿನ ನಟ್ಟು ಜಾಮಾದರೆ ಇಕ್ಕಳ, ದೀಪದ ಮುಂದೆ ಹಾಕುವ ಬಣ್ಣದ ಹಾಳೆ (ಜೆಲ್) ಕತ್ತರಿಸಲು ಚಾಕು, ಹೋಲ್ಡರಿನ ಸ್ಕ್ರೂಗೆ ಡ್ರೈವರ್, ಕಂಬಿಗೆ ಕಟ್ಟಿದ ತಂತಿ ಬಿಚ್ಚಲು ಕಟರ್, ಎಲ್ಲ ಒಂದೇ ಕೈಗೆ ಸಿಗುತ್ತವೆ. ಈ ಸಲಕರಣೆಯ ಹುಟ್ಟೇ ಅಂಥ ಸಂದರ್ಭದ್ದು. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ, ಕೆಡುತ್ತಿದ್ದ ಕಾರು ಮತ್ತು ಸೋರುತ್ತಿದ್ದ ನಲ್ಲಿಗಳನ್ನು ಸರಿಮಾಡಲು ಜೇಬಿನ ಚಾಕುವಿನಲ್ಲಿ ಇಕ್ಕಳ ಇಲ್ಲವಲ್ಲ ಎಂದುಕೊಂಡದ್ದೇ ಬೀಜ. ಆ ಯೋಚನೆ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ದಾರಿಯಲ್ಲಿ ಕೆಟ್ಟು ನಿಂತದ್ದನ್ನು ಮನೆ ಮುಟ್ಟುವವರೆಗೆ ನಡೆಸಿಕೊಡಲು ಹುಟ್ಟಿದ ವಸ್ತುವನ್ನು ಸಾಲಾಗಿ ಕೂತು ಮಾಡುವ ಕೆಲಸಕ್ಕೆ ಹಚ್ಚಿದರೆ ಅದು ತಡವರಿಸುತ್ತದೆ. ನನ್ನ ಸಿಟ್ಟು ಆ ಕಚ್ಚಿನ ಮೇಲಷ್ಟೇ. ಅದನ್ನು ಸ್ಟ್ರಿಪ್ಪರ್ ಎಂದು ಡಬ್ಬದ ಮೇಲೆ ದೊಡ್ಡದಾಗಿ ಮುದ್ರಿಸುವುದರ ಮೇಲೆ.

ಆ ಕಚ್ಚು ಕೆಲಸಕ್ಕೆ ಬರುವ ಜಾಗವೂ ಒಂದಿದೆ. ಒಂದೇ ಗಟ್ಟಿ ತಂತಿಯ ಕರೆಗಂಟೆ ವೈರು, ಸ್ಪೀಕರಿಗೆ ಹಾಕುವ ಜೋಡಿ ವೈರುಗಳ ತುದಿಯನ್ನು ಅದು ಅಚ್ಚುಕಟ್ಟಾಗಿಯೇ ಸುಲಿಯುತ್ತದೆ. ಕೇಬಲಿನ ಹೊರಗಿನ ದಪ್ಪ ಹೊದಿಕೆಗೂ ನಾನು ಮಲ್ಟಿಟೂಲನ್ನೇ ಬಳಸುತ್ತೇನೆ, ಕಚ್ಚನ್ನಲ್ಲ, ಚಾಕುವನ್ನು. ಕೇಬಲನ್ನು ಬಾಗಿಸಿ ಹಿಡಿದು, ಬಾಗಿದ ಮೈಯ ಮೇಲೆ ಚಾಕುವಿನಿಂದ ಹಗುರವಾಗಿ ಗೀರಿದರೆ ಸಾಕು. ಹೊದಿಕೆ ತಾನಾಗಿಯೇ ಬಾಯಿ ಬಿಡುತ್ತದೆ, ಒಳಗಿನ ವೈರುಗಳಿಗೆ ಅಲಗು ತಾಗುವುದಿಲ್ಲ. ದೀಪಗಳಿಗೆ ನಿಯಂತ್ರಣದ ಸಂಕೇತ ಒಯ್ಯುವ ಡಿಎಂಎಕ್ಸ್ ಕೇಬಲಿನ ಒಳಗಿನ ತೆಳು ವೈರುಗಳಿಗೆ ಮಾತ್ರ ಇವೆರಡೂ ಸಾಲದು. ಬೆಸುಗೆ ಹಾಕುವ ಆ ಕೆಲಸಕ್ಕೆ ತೆಳು ಅಳತೆಗಳ ತೂತುಗಳಿರುವ ಸ್ಟ್ರಿಪ್ಪರ್ ಬೇರೆಯೇ ಬೇಕು.

ಅಂಥದ್ದನ್ನು ಆನ್‌ಲೈನಿನಲ್ಲಿ ಕೊಳ್ಳುವವರು ಒಂದು ವಿಷಯ ಗಮನಿಸಿ. ಸಾಲಾಗಿ ತೂತುಗಳಿರುವ ಸ್ಟ್ರಿಪ್ಪರುಗಳಲ್ಲಿ ಬಹಳಷ್ಟಕ್ಕೆ ಅಮೆರಿಕದ ಎಡಬ್ಲ್ಯುಜಿ ಅಳತೆಯನ್ನು ಕೆತ್ತಿರುತ್ತಾರೆ. ಆ ಲೆಕ್ಕದಲ್ಲಿ 16 ಎಂದರೆ ಸುಮಾರು 1.3 ಚದರ ಮಿಲಿಮೀಟರ್, 14 ಎಂದರೆ 2.1, 12 ಎಂದರೆ 3.3. ನಮ್ಮ ಒಂದೂವರೆ, ಎರಡೂವರೆ ಎಂಎಂ ವೈರುಗಳು ಇವುಗಳ ನಡುವೆ ಬೀಳುತ್ತವೆ. ಚಿಕ್ಕ ತೂತಿಗೆ ಕೊಟ್ಟರೆ ಎಳೆ ಕತ್ತರಿಸುತ್ತದೆ, ದೊಡ್ಡದಕ್ಕೆ ಕೊಟ್ಟರೆ ಹೊದಿಕೆ ಜಗ್ಗುತ್ತದೆ. ಜೊತೆಗೆ, ಗಟ್ಟಿ ತಂತಿಗೂ ಅದೇ ಅಳತೆಯ ಎಳೆ ತಂತಿಗೂ ದಪ್ಪದಲ್ಲಿ ವ್ಯತ್ಯಾಸವಿರುವುದರಿಂದ ಎರಡರ ಗುರುತುಗಳೂ ಬೇರೆ ಬೇರೆ. ಚದರ ಮಿಲಿಮೀಟರಿನ ಗುರುತಿರುವುದನ್ನೇ ಕೇಳಿ ಕೊಳ್ಳಿ.

ತಂಡದ ಗೆಳೆಯರೊಬ್ಬರು ಸಾವಿರ ರೂಪಾಯಿಯೊಳಗಿನ ಒಂದು ಆಟೊಮ್ಯಾಟಿಕ್ ಸ್ಟ್ರಿಪ್ಪರ್ ತಂದಿದ್ದರು. ಹಿಡಿ ಒತ್ತಿದರೆ ತಾನೇ ಹಿಡಿದು, ಕತ್ತರಿಸಿ, ಎಳೆಯುವಂಥದ್ದು. ಹೊಸ ಮನೆ ವೈರಿನ ಸುರುಳಿಯ ಮೇಲೆ ಅದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಇಡೀ ಮನೆಯ ಸ್ವಿಚ್ ಬೋರ್ಡುಗಳನ್ನು ಮಾಡುವವರಿಗೆ ಕೈನೋವು ಉಳಿಸುತ್ತದೆ. ನಮ್ಮ ಹಳೆಯ ರಬ್ಬರ್ ಕೇಬಲುಗಳ ಮೇಲೆ ಅದರ ಹಲ್ಲುಗಳು ಗುರುತು ಮೂಡಿಸಿ ಜಾರುತ್ತವೆ. ತೆಳು ವೈರನ್ನು ಕೊಟ್ಟರೆ ತಾಮ್ರದ ಸಮೇತ ಕಿತ್ತುಬಿಡುತ್ತದೆ. ಗೋಡೆಯೊಳಗಿನ ಬಾಕ್ಸಿನಲ್ಲಿ ಗಿಡ್ಡ ವೈರ್ ಉಳಿದಿದ್ದರೆ ಅದರ ದಪ್ಪ ತಲೆ ಒಳಗೇ ಹೋಗುವುದಿಲ್ಲ. ಜರ್ಮನಿಯ ಕ್ನಿಪೆಕ್ಸ್‌ನ ಮಲ್ಟಿಸ್ಟ್ರಿಪ್ 10 ಎಂಬ ಮಾದರಿ 0.03ರಿಂದ 10 ಚದರ ಮಿಲಿಮೀಟರಿನವರೆಗೆ ತಾನೇ ಹೊಂದಿಕೊಂಡು ಸುಲಿಯುತ್ತದೆ. ಅದರ ಬೆಲೆಗೆ ನಮ್ಮ ತಂಡ ಒಂದು ನಾಟಕದ ರಂಗಸಜ್ಜಿಕೆಯನ್ನೇ ಮುಗಿಸಿಬಿಡುತ್ತದೆ. ದಿನವಿಡೀ ಪ್ಯಾನೆಲ್ ಕಟ್ಟುವವರು ಅದನ್ನು ಯೋಚಿಸಲಿ.

ಸುರಕ್ಷತೆಯ ಒಂದು ಮಾತು. ಮಲ್ಟಿಟೂಲ್ ತಲೆಯಿಂದ ಬುಡದವರೆಗೆ ಉಕ್ಕು. ಕರೆಂಟ್ ಇರುವ ವೈರಿಗೆ ಅದನ್ನು ತಾಗಿಸಲೇಬಾರದು. ಕಡಿಮೆ ಬೆಲೆಯ ಸ್ಟ್ರಿಪ್ಪರಿನ ಪ್ಲಾಸ್ಟಿಕ್ ಹಿಡಿಯೂ ಕೈ ಜಾರದಿರಲಿ ಎಂದು ಹಾಕಿದ್ದು, ಶಾಕ್ ತಡೆಯಲೆಂದಲ್ಲ. ಕರೆಂಟ್ ಇರುವಾಗ ಬಳಸಬಹುದಾದ ಸಲಕರಣೆಗಳ ಹಿಡಿಯ ಮೇಲೆ ಜೋಡಿ ತ್ರಿಕೋನದ ಗುರುತೂ 1000 ವೋಲ್ಟ್ ಎಂಬ ಬರಹವೂ ಇರುತ್ತವೆ. ಅವು ಕೈಯಲ್ಲಿದ್ದರೂ ಹವ್ಯಾಸಿಗಳು ಮೇನ್ ಇಳಿಸಿ, ಟೆಸ್ಟರ್ ಹಚ್ಚಿ ನೋಡಿದ ಮೇಲೆಯೇ ಕೈ ಹಾಕಬೇಕು.

ತಂಡಕ್ಕೆ ಹೊಸದಾಗಿ ಬಂದು ಬೆಳಕಿನ ಕೆಲಸ ಕಲಿಯುವವರಿಗೆ ನಾನು ಹೇಳುವುದು ಇಷ್ಟು: ಮೊದಲ ಸಂಬಳದಲ್ಲಿ ಮಲ್ಟಿಟೂಲ್ ಬೇಡ. ಒಂದು ಟೆಸ್ಟರ್, ಒಂದು ಒಳ್ಳೆಯ ಕಟಿಂಗ್ ಪ್ಲೇಯರ್, ತಡೆಯುವ ಸ್ಕ್ರೂ ಇರುವ ಒಂದು ಸ್ಟ್ರಿಪ್ಪರ್, ಇಷ್ಟು ತನ್ನಿ. ಸ್ಟ್ರಿಪ್ಪರನ್ನು ಅಂಗಡಿಯಲ್ಲೇ ಬೆಳಕಿಗೆ ಹಿಡಿದು, ಬಾಯಿ ಮುಚ್ಚಿ ನೋಡಿ. ಎರಡು ಕಚ್ಚುಗಳು ಒಂದರ ಎದುರಿಗೊಂದು ನೇರ ಕೂರದಿದ್ದರೆ ಬೇರೆಯದನ್ನು ಕೊಡಲು ಹೇಳಿ. ಸ್ಕ್ರೂವನ್ನು ಬಿಗಿಮಾಡಿ ಅಲುಗಾಡಿಸಿ ನೋಡಿ, ಜಾರಿದರೆ ಅದೂ ಬೇಡ. ಮನೆಗೆ ತಂದ ಮೇಲೆ ಸ್ಪ್ರಿಂಗಿಗೂ ಕೀಲಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ, ಮಳೆಗಾಲದಲ್ಲಿ ಇನ್ನೊಮ್ಮೆ. ನನ್ನದರ ಬಾಯಿ ಈಗ ಸ್ವಲ್ಪ ಮೊಂಡಾಗಿದೆ, ಮುಂದಿನ ಪ್ರದರ್ಶನಕ್ಕೆ ಮೊದಲು ಅದೇ ಅಂಗಡಿಯಿಂದ ಅದೇ ಬಗೆಯದನ್ನು ಇನ್ನೊಂದು ತರುತ್ತೇನೆ.