ರಾಯಚೂರಿನ ಸ್ಟಡಿ ಹಾಲ್: ಎಸಿಗಿಂತ ಬಾಗಿಲ ಬಳಿಯ ರಿಜಿಸ್ಟರ್ ಮುಖ್ಯ

ರಾಯಚೂರಿನಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರಿಗೆ ಸ್ಟಡಿ ಹಾಲ್ ಹುಡುಕುವುದು ಕಷ್ಟವೇನಲ್ಲ. ಎಲ್ಲ ಕಡೆ ಬೋರ್ಡಿನ ಮೇಲೆ ಒಂದೇ ಮಾತು: ಎಸಿ, ವೈಫೈ, ಕ್ಯಾಬಿನ್, ಆರ್‌ಒ ನೀರು. ನಾನು ಓದುವ ಹಾಲ್‌ನಲ್ಲೂ ಅವೆಲ್ಲ ಇವೆ, ತಿಂಗಳಿಗೆ 800 ರೂಪಾಯಿ. ಆದರೆ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿರುವುದು ಅದಕ್ಕಲ್ಲ. ಬಾಗಿಲ ಬಳಿ ಒಂದು ರಿಜಿಸ್ಟರ್ ಇದೆ, ಪಕ್ಕದಲ್ಲಿ ಮೊಬೈಲ್ ಇಡುವ ಖಾನೆಗಳಿವೆ. ಅವೆರಡಕ್ಕೆ.

ರಿಜಿಸ್ಟರ್‌ನಲ್ಲಿ ಒಳಗೆ ಬಂದ ಹೊತ್ತು ಬರೆಯಬೇಕು, ಹೊರಗೆ ಹೋದ ಹೊತ್ತೂ ಬರೆಯಬೇಕು. ಟೀಗೆ ಹೋದರೂ ಸರಿ, ಜೆರಾಕ್ಸ್ ಮಾಡಿಸಲು ಹೋದರೂ ಸರಿ. ಮರೆತು ದಾಟಿದರೆ ಹಾಲ್ ನೋಡಿಕೊಳ್ಳುವ ಅಣ್ಣ ಕೂತಲ್ಲಿಂದಲೇ 'ತಂಗಿ, ಟೈಮ್ ಬರೆದು ಹೋಗು' ಅನ್ನುತ್ತಾರೆ. ಶನಿವಾರ ಅವರೇ ಎಲ್ಲರ ಗಂಟೆ ಕೂಡಿಸಿ ಸೀಟ್ ನಂಬರಿನ ಮುಂದೆ ಬರೆದು ಗೋಡೆಗೆ ಹಚ್ಚುತ್ತಾರೆ. ಹೆಸರು ಇರಲ್ಲ, ನಂಬರ್ ಮಾತ್ರ.

ಇದರಿಂದ ಏನಾಗುತ್ತದೆ ಅಂದರೆ, ಬೆಳಿಗ್ಗೆ ಎಂಟಕ್ಕೆ ಬಂದು ರಾತ್ರಿ ಎಂಟಕ್ಕೆ ಹೋಗುವವರು ಮನೆಗೆ ಫೋನ್ ಮಾಡಿ 'ಹನ್ನೆರಡು ತಾಸು ಓದಿದೆ' ಅನ್ನುತ್ತಾರಲ್ಲ, ಅವರದು ರಿಜಿಸ್ಟರ್‌ನಲ್ಲಿ ಆರೂವರೆ, ಏಳು ತಾಸಿಗೆ ಬಂದು ನಿಲ್ಲುತ್ತದೆ. ಯಾರೂ ಬೇಕಂತ ಸುಳ್ಳು ಹೇಳಲ್ಲ. ಹಾಲ್‌ಗೆ ಬಂದಿದ್ದೇವೆ ಅನ್ನುವುದೇ ಓದಿದ ಹಾಗೆ ಅನ್ನಿಸಿಬಿಡುತ್ತದೆ. ಉಳಿದ ತಾಸು ಎಲ್ಲಿ ಹೋಯಿತು ಅಂತ ಸಾಲು ಸಾಲಾಗಿ ಅಲ್ಲೇ ಇರುತ್ತದೆ: 10.40ಕ್ಕೆ ಟೀ, 11.35ಕ್ಕೆ ವಾಪಸ್. ಒಬ್ಬರು ಎದ್ದರೆ ನಾಲ್ಕು ಜನ ಏಳುತ್ತಾರೆ, ಟೀ ಜೊತೆ ಒಗ್ಗರಣಿ ಮಿರ್ಚಿ ಬರುತ್ತದೆ, ಆಮೇಲೆ ಮಾತು ಶುರು. ನೋಟಿಫಿಕೇಶನ್ ಯಾವಾಗ, ಕಟ್ ಆಫ್ ಎಷ್ಟಕ್ಕೆ ನಿಲ್ಲಬಹುದು, ಕೀ ಆನ್ಸರ್‌ನಲ್ಲಿ ಯಾವುದು ತಪ್ಪು. ನಮ್ಮ ಭಾಗದಲ್ಲಿ 371ಜೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿಯ ಮಾತು ಬರದ ದಿನವೇ ಇಲ್ಲ. ಬರಲೇಬೇಕು ಬಿಡಿ, 2012ರ 98ನೇ ತಿದ್ದುಪಡಿಯಿಂದ ಬಂದ ಹಕ್ಕು ಅದು, ಸ್ಥಳೀಯ ವೃಂದದ, ಅಂದರೆ ಈ ಭಾಗದ ಕಚೇರಿಗಳ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ನಮ್ಮವರಿಗೆ ಅಂದರೆ ಸಣ್ಣ ವಿಷಯವಲ್ಲ. ಆದರೆ ಅದೇ ಮಾತನ್ನು ದಿನಾ ಟೀ ಅಂಗಡಿ ಮುಂದೆ ಮುಕ್ಕಾಲು ತಾಸು ಆಡಿದರೆ ಕಟ್ ಆಫ್ ಒಂದು ಅಂಕ ಕೂಡ ಕೆಳಗೆ ಬರಲ್ಲ, ಅಲ್ವಾ?

ಇನ್ನು ಮೊಬೈಲ್ ಖಾನೆ. ಹೊಸದಾಗಿ ಸೇರಿದವರು 'ಸೈಲೆಂಟ್ ಇಟ್ಟಿದ್ದೇನೆ, ಟೇಬಲ್ ಮೇಲೆ ಇದ್ದರೆ ಏನು' ಅಂತ ಕೇಳಿಯೇ ಕೇಳುತ್ತಾರೆ. ಇದನ್ನೇ ಅಮೆರಿಕದ ಸಂಶೋಧಕರು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ. ಎಲ್ಲರ ಫೋನೂ ಸೈಲೆಂಟ್. ಕೆಲವರದು ಟೇಬಲ್ ಮೇಲೆ, ಕೆಲವರದು ಜೇಬಿನಲ್ಲೋ ಬ್ಯಾಗಿನಲ್ಲೋ, ಕೆಲವರದು ಬೇರೆ ಕೋಣೆಯಲ್ಲಿ. ಬೇರೆ ಕೋಣೆಯಲ್ಲಿ ಇಟ್ಟವರು ನೆನಪು, ಯೋಚನೆ ಅಳೆಯುವ ಪ್ರಶ್ನೆಗಳನ್ನು ಟೇಬಲ್ ಮೇಲೆ ಇಟ್ಟವರಿಗಿಂತ ಚೆನ್ನಾಗಿ ಮಾಡಿದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಪ್ರತಿ ಸಲವೂ ಹಾಗೇ ಬಂದಿಲ್ಲ, ಅದನ್ನೂ ಹೇಳಬೇಕು. ಹಾಲ್‌ನಲ್ಲಿ ನನಗೆ ಕಾಣುವ ಲಾಭ ಇನ್ನೂ ಸರಳ. ಫೋನ್ ನೋಡಬೇಕಾದರೆ ಎದ್ದು, ಬಾಗಿಲ ತನಕ ನಡೆದು, ಖಾನೆ ತೆಗೆಸಿ, ಟೈಮ್ ಬರೆಯಬೇಕು. ಅಷ್ಟು ಮಾಡುವಷ್ಟು ಕೆಲಸ ಇದೆಯಾ ಅಂತ ಮನಸ್ಸು ಅಲ್ಲೇ ಕೇಳಿಬಿಡುತ್ತದೆ. ಮನೆಯವರಿಗೆ ಹಾಲ್‌ನ ನಂಬರ್ ಕೊಟ್ಟಿಡಿ, ಅವಸರದ ಮಾತಿದ್ದರೆ ಅಣ್ಣ ಬಂದು ಕರೆಯುತ್ತಾರೆ. ಆನ್‌ಲೈನ್ ಕ್ಲಾಸ್ ಕೇಳುವವರಿಗೆ ಹಿಂದಿನ ಸಣ್ಣ ಕೋಣೆ ಇದೆ, ಆದರೆ ಅಲ್ಲಿ ಜಾಗ ಸಾಲಲ್ಲ.

ಕುರ್ಚಿಯಲ್ಲಿ ಕೂತೇ ಹೋಗುವ ಹೊತ್ತನ್ನು ಮಾತ್ರ ಯಾವ ರಿಜಿಸ್ಟರೂ ಹಿಡಿಯಲ್ಲ. ಬಣ್ಣ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಟೈಮ್ ಟೇಬಲ್ ಬರೆಯುವುದು, ಎರಡು ದಿನಕ್ಕೆ ಅದನ್ನು ಹರಿದು ಮತ್ತೆ ಬರೆಯುವುದು. ಟೆಲಿಗ್ರಾಂನಲ್ಲಿ ಬಂದ ಪಿಡಿಎಫ್ ಎಲ್ಲ ಪ್ರಿಂಟ್ ಹಾಕಿಸಿ ಸ್ಪೈರಲ್ ಮಾಡಿಸಿ ಜೋಡಿಸಿಡುವುದು. ಪುಸ್ತಕದ ಸಾಲೆಲ್ಲ ಹಳದಿ ಆಗುವ ತನಕ ಹೈಲೈಟರ್ ಎಳೆಯುವುದು. ಇವು ಆಟದ ಥರ ಕಾಣಲ್ಲ, ಓದಿನ ಥರವೇ ಕಾಣುತ್ತವೆ, ಅದಕ್ಕೇ ಇವನ್ನು ಗುರುತಿಸುವುದು ಕಷ್ಟ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಮುಚ್ಚಿ ಬರೆದವರು ಮುಂದಿದ್ದರು. ನಮ್ಮ ಪರೀಕ್ಷೆ ಐದು ನಿಮಿಷ ಬಿಟ್ಟು ಬರಲ್ಲ.

ಇದಕ್ಕೆ ಹಾಲ್‌ನವರು ಮಾಡಿರುವ ಒಳ್ಳೆಯ ಕೆಲಸ ಅಂದರೆ ಭಾನುವಾರದ ಟೆಸ್ಟ್. ಹಳೇ ಪ್ರಶ್ನೆಪತ್ರಿಕೆಯ ಜೆರಾಕ್ಸ್, ಓಎಂಆರ್ ಶೀಟ್, ಒಂದು ಬೆಲ್, ಅಷ್ಟೇ. ಕೆಎಎಸ್ (ರಾಜ್ಯ ಆಡಳಿತ ಸೇವೆ) ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪತ್ರಿಕೆ ಎರಡು ತಾಸಿನದು, 100 ಪ್ರಶ್ನೆ, ಅಂದರೆ ಪ್ರಶ್ನೆಗೆ 72 ಸೆಕೆಂಡ್. ಅಷ್ಟರಲ್ಲೇ ಓದಬೇಕು, ಯೋಚಿಸಬೇಕು, ವೃತ್ತ ತುಂಬಬೇಕು, ತಪ್ಪಾದರೆ ಕಾಲು ಭಾಗ ಅಂಕ ಹೋಗುತ್ತದೆ. ಬೆಲ್ ಹೊಡೆದಾಗ ಇನ್ನೂ ಇಪ್ಪತ್ತು ಪ್ರಶ್ನೆ ಉಳಿದಿದ್ದರೆ ಮುಂದಿನ ವಾರ ಯಾರೂ ಹೊಸ ಟೈಮ್ ಟೇಬಲ್ ಬರೆಯುತ್ತಾ ಕೂರಲ್ಲ. ಇದಕ್ಕೆ ಬೇರೆ ದುಡ್ಡು ಇಲ್ಲ, ಜೆರಾಕ್ಸ್ ಖರ್ಚು ಮಾತ್ರ.

ಒಂದು ಸ್ಟಾರ್ ಯಾಕೆ ಕಡಿಮೆ? ಹೆಣ್ಣುಮಕ್ಕಳಿಗೆ ಒಂದೇ ಬಾತ್‌ರೂಮ್, ಅದರ ಮುಂದೆ ಕಾಯುವ ಹೊತ್ತೂ ಹೊತ್ತೇ. ಹಾಲ್ ರಾತ್ರಿ ಹನ್ನೊಂದರ ತನಕ ತೆರೆದಿರುತ್ತದೆ, ಆದರೆ ನಮ್ಮ ಪಿಜಿಗಳ ಗೇಟು ಎಂಟೂವರೆಗೋ ಒಂಬತ್ತಕ್ಕೋ ಬೀಳುತ್ತದೆ. ಕಡಿಮೆ ತಾಸು ಸಿಗುವ ನಮಗೂ ಫೀಸ್ ಮಾತ್ರ ಪೂರ್ತಿ. ಬೆಳಿಗ್ಗೆ ಏಳರ ಬದಲು ಐದೂವರೆಗೆ ಬಾಗಿಲು ತೆಗೆದರೆ ಇದು ಸರಿಹೋಗುತ್ತದೆ, ಬೇಸಿಗೆಗೂ ಅದೇ ಒಳ್ಳೆಯದು. ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಫ್ಯಾನ್ ಮಾತ್ರ ತಿರುಗುತ್ತದೆ, ಎಸಿ ಇಲ್ಲ. ಆ ಹೊತ್ತಲ್ಲಿ ಹಟ ಹಿಡಿದು ಇತಿಹಾಸ ಓದುವ ಬದಲು ಲೆಕ್ಕ ಬಿಡಿಸಿ, ಕೈ ಆಡುತ್ತಿದ್ದರೆ ತೂಕಡಿಕೆ ಬರಲ್ಲ.

ಬರೀ ಪೇಪರ್ ಓದಿ ಕರೆಂಟ್ ಅಫೇರ್ಸ್ ಬರೆದುಕೊಳ್ಳುವವರಿಗೆ ಇಲ್ಲಿ 800 ರೂಪಾಯಿ ಕೊಡುವ ಅಗತ್ಯ ಇಲ್ಲ, ಜಿಲ್ಲಾ ಕೇಂದ್ರ ಗ್ರಂಥಾಲಯ ಸಾಕು. ಸೇರುವವರು ಮೊದಲು ಒಂದು ದಿನ ಸುಮ್ನೆ ಬಂದು ಕೂತು ನೋಡಬಹುದು, ಅದಕ್ಕೆ ದುಡ್ಡು ಕೇಳಲ್ಲ. ಗೋಡೆ ಕಡೆಯ ಸಾಲು ಕೇಳಿ ತೆಗೆದುಕೊಳ್ಳಿ, ಬಾಗಿಲ ಹತ್ತಿರದ ಸೀಟಿನಲ್ಲಿ ಟೀಗೆ ಏಳುವವರೆಲ್ಲ ನಿಮ್ಮನ್ನೂ ಕರೆದೇ ಹೋಗುತ್ತಾರೆ.