'ಪೇನಾ' ಅಂದರೆ ದುಃಖವೋ ಸಂಕೋಚವೋ: ವರ್ಡ್‌ರೆಫರೆನ್ಸ್ ಸ್ಪ್ಯಾನಿಶ್-ಇಂಗ್ಲಿಷ್ ನಿಘಂಟು ಬಳಸಿದ ಅನುಭವ

ಮೆಕ್ಸಿಕೊದ ಗ್ರಾಹಕಿಯೊಬ್ಬರು ನಮ್ಮ ಆಫೀಸಿಗೆ ಮೇಲ್ ಬರೆದಿದ್ದರು. ಮೊದಲ ಸಾಲೇ 'ಮೆ ದಾ ಪೇನಾ ಪ್ರೆಗುಂತಾರ್'. ಅವಸರದಲ್ಲಿ ಅದನ್ನು ಫೋನಿನಲ್ಲಿದ್ದ ಅನುವಾದದ ಆ್ಯಪ್‌ಗೆ ಹಾಕಿದೆ. ಕೇಳೋದಕ್ಕೆ ದುಃಖ ಆಗುತ್ತಿದೆ ಅನ್ನುವ ಅರ್ಥದ ಇಂಗ್ಲಿಷ್ ಬಂತು. ಅದನ್ನೇ ಮ್ಯಾನೇಜರ್‌ಗೆ ಕೊಟ್ಟೆ. ಅವರು ಏನೋ ದೊಡ್ಡ ಎಡವಟ್ಟಾಗಿದೆ ಅಂತ ಗಾಬರಿಯಾಗಿ, ಒಂದು ಪುಟ ತುಂಬಾ ಕ್ಷಮೆ ಕೇಳಿ ಉತ್ತರ ಬರೆಸಿದರು. ಆಕೆಗೆ ಬೇಕಿದ್ದದ್ದು ಬಿಲ್ಲಿನ ಇನ್ನೊಂದು ಕಾಪಿ, ಅಷ್ಟೇ.

ಸ್ಪೇನಿನಲ್ಲಿ ಪೇನಾ ಅಂದರೆ ದುಃಖ, ಮರುಕ. ಮೆಕ್ಸಿಕೊ, ಕೊಲಂಬಿಯಾ ಕಡೆ ಅದೇ ಪದ ನಾಚಿಕೆಗೂ ಸಂಕೋಚಕ್ಕೂ ಬರುತ್ತದೆ. 'ಕೇಳೋಕೆ ಸಂಕೋಚ ಆಗುತ್ತೆ, ಆದರೂ...' ಅಂತ ನಾವೂ ಶುರು ಮಾಡುತ್ತೇವೆ ಅಲ್ವಾ? ಆಕೆ ಬರೆದದ್ದು ಅದೇ. ಅವತ್ತಿನಿಂದ ಸ್ಪ್ಯಾನಿಶ್ ನುಡಿಗಟ್ಟು ಕಂಡರೆ ನಾನು ಮೊದಲು ತೆರೆಯೋದು ವರ್ಡ್‌ರೆಫರೆನ್ಸ್ ಅನ್ನೋ ಆನ್‌ಲೈನ್ ನಿಘಂಟು. ದಿನವೂ ಈ ಕೆಲಸ ಮಾಡುವ ನನಗೆ ಇದು ಎಷ್ಟು ಉಪಯೋಗಕ್ಕೆ ಬಂದಿದೆ ಅಂತ ಬೇರೆಯವರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಇದನ್ನು ಮೈಕೆಲ್ ಕೆಲ್ಲಾಗ್ ಎಂಬವರು 1999ರಲ್ಲಿ ಶುರು ಮಾಡಿದರು. ದುಡ್ಡು ಕೊಡಬೇಕಿಲ್ಲ, ಜಾಹೀರಾತು ಇರುತ್ತದೆ. ಪದ ಹುಡುಕೋದಕ್ಕೆ ಲಾಗಿನ್ ಕೂಡ ಬೇಡ.

ನುಡಿಗಟ್ಟು ಹುಡುಕುವಾಗ ಇಡೀ ವಾಕ್ಯ ಹಾಕಬೇಡಿ. ಅದರಲ್ಲಿರುವ ನಾಮಪದವನ್ನು ಮಾತ್ರ ಹಾಕಿ. ಉದಾಹರಣೆಗೆ 'ಪೆಲೊ', ಅಂದರೆ ಕೂದಲು. ಮೊದಲು ಸಾದಾ ಅರ್ಥಗಳು ಬರುತ್ತವೆ. ಕೆಳಗೆ ಹೋದಂತೆ ಆ ಕೂದಲು ಹಿಡಿದು ಎಷ್ಟೊಂದು ಮಾತು ಹುಟ್ಟಿವೆ ಅಂತ ಕಾಣುತ್ತದೆ. 'ತೊಮಾರ್ ಎಲ್ ಪೆಲೊ', ಪದಕ್ಕೆ ಪದ ಹಿಡಿದರೆ ಕೂದಲು ತೆಗೆದುಕೊಳ್ಳುವುದು. ಇಂಗ್ಲಿಷಿನವರು ಇದಕ್ಕೆ ಕಾಲೆಳೆಯುವುದು ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ. ಇನ್ನೊಂದು 'ನೊ ತೆನೆರ್ ಪೆಲೋಸ್ ಎನ್ ಲಾ ಲೆಂಗ್ವಾ', ನಾಲಿಗೆ ಮೇಲೆ ಕೂದಲಿಲ್ಲದವರು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುವವರು ಅಂತ ಅರ್ಥ. ಈ ಎರಡರಲ್ಲೂ ಕೂದಲಿಗೂ ಅರ್ಥಕ್ಕೂ ಸಂಬಂಧವೇ ಇಲ್ಲ, ಸುಮ್ನೆ ಪದ ನೋಡಿ ಅನುವಾದ ಮಾಡಿದರೆ ಓದುವವರಿಗೆ ತಲೆಬುಡ ಗೊತ್ತಾಗುವುದಿಲ್ಲ.

ನನಗೆ ತುಂಬಾ ಇಷ್ಟವಾಗೋದು ಅರ್ಥದ ಪಕ್ಕದಲ್ಲಿರುವ ಸಣ್ಣ ಗುರುತುಗಳು. ಇದು ಆಡುಮಾತು, ಇದು ಒರಟು, ಇದು ಸ್ಪೇನಿನದು, ಇದು ಮೆಕ್ಸಿಕೊದ್ದು ಅಂತ. ಹೊಸಬರು ಇವನ್ನು ದಾಟಿ ಮುಂದೆ ಹೋಗುತ್ತಾರೆ, ಆದರೆ ನಿಜವಾದ ವಿಷಯ ಇರೋದು ಅಲ್ಲೇ. 'ಕೊಹೆರ್' ನೋಡಿ. ಸ್ಪೇನಿನಲ್ಲಿ ಬಸ್ಸು ಹಿಡಿಯುವುದಕ್ಕೂ ಪೆನ್ನು ಎತ್ತಿಕೊಳ್ಳುವುದಕ್ಕೂ ಮನೆಮಂದಿಯೆಲ್ಲ ಇದೇ ಕ್ರಿಯಾಪದ ಬಳಸುತ್ತಾರೆ. ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಅದು ನಾಲ್ಕು ಜನರ ಮುಂದೆ ಆಡುವ ಮಾತಲ್ಲ. 'ಸರಿ' ಅನ್ನೋದಕ್ಕೂ ಹಾಗೆಯೇ, ಸ್ಪೇನಿನವರು 'ವಾಲೆ' ಅಂದರೆ ಅರ್ಜೆಂಟೀನಾದವರು 'ದಾಲೆ' ಅನ್ನುತ್ತಾರೆ. ಇಂಗ್ಲಿಷಿನಿಂದ ಸ್ಪ್ಯಾನಿಶ್‌ಗೆ ಬರೆಯುವಾಗ ಓದುವವರು ಯಾವ ದೇಶದವರು ಅಂತ ಮೊದಲೇ ಕೇಳಿಕೊಳ್ಳಿ. ನಾನು ಈಗ ಕೇಳದೆ ಕೆಲಸ ಹಿಡಿಯುವುದೇ ಇಲ್ಲ.

ಅರ್ಥದ ಕೆಳಗೆ ಉದಾಹರಣೆ ವಾಕ್ಯಗಳು ಇರುತ್ತವೆ. ಅವನ್ನು ಓದದೆ ಬಿಡಬೇಡಿ. 'ಪೋನೆರ್ಸೆ ಲಾಸ್ ಪೀಲಾಸ್' ಅಂದರೆ ಬ್ಯಾಟರಿ ಹಾಕಿಕೊಳ್ಳುವುದು, ಅಂದರೆ ಮೈಕೊಡವಿ ಕೆಲಸಕ್ಕೆ ಇಳಿಯುವುದು. ಅರ್ಥ ಗೊತ್ತಾದರೆ ಸಾಲದು. ಇದನ್ನು ಸ್ನೇಹಿತರಿಗೆ ಹೇಳಬಹುದು, ಮೊದಲ ಸಲ ಪತ್ರ ಬರೆಯುತ್ತಿರುವ ಹಿರಿಯ ಅಧಿಕಾರಿಗೆ ಹೇಳಲಾಗುವುದಿಲ್ಲ. ವಾಕ್ಯದಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನೋಡಿದಾಗ ಆ ಸಲುಗೆ ತಿಳಿಯುತ್ತದೆ.

ನಾನು ರೂಢಿ ಮಾಡಿಕೊಂಡ ಇನ್ನೊಂದು ಕೆಲಸ, ಸಿಕ್ಕ ಉತ್ತರವನ್ನು ತಿರುಗಿಸಿ ಹುಡುಕುವುದು. ಸ್ಪೇನಿನವರು 'ಎಸ್ತೊಯ್ ಕೊನ್ಸ್ತಿಪಾದೊ' ಅಂದರೆ ನೆಗಡಿಯಾಗಿದೆ ಅಂತ. ಕೇಳಿದ ಕೂಡಲೇ ಇಂಗ್ಲಿಷಿನ 'ಕಾನ್ಸ್ಟಿಪೇಟೆಡ್' ನೆನಪಿಗೆ ಬರುತ್ತದೆ, ಅದು ಮಲಬದ್ಧತೆ. ಈಗ ಇಂಗ್ಲಿಷ್ ಪದವನ್ನೇ ಹಾಕಿ ಹಿಂದಕ್ಕೆ ಹುಡುಕಿ ನೋಡಿ. 'ಎಸ್ತ್ರೆನ್ಯೀದೊ' ಅಂತ ಬೇರೆಯೇ ಪದ ಬರುತ್ತದೆ. ಹೋದ ದಾರಿಯಲ್ಲೇ ವಾಪಸ್ ಬರಲಾಗದಿದ್ದರೆ ಎಲ್ಲೋ ತಪ್ಪಿದ್ದೇವೆ ಅಂತಲೇ ತಿಳಿಯಬೇಕು. ಎರಡು ನಿಮಿಷದ ಕೆಲಸ.

ಕೆಲವು ಕಡೆ ನಮ್ಮ ಭಾಷೆಯೇ ಕೈಹಿಡಿಯುತ್ತದೆ, ಅದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ. ಇಂಗ್ಲಿಷಿನಲ್ಲಿ ಜೋರು ಮಳೆ ಬಂದರೆ ನಾಯಿ ಬೆಕ್ಕು ಸುರಿಯುತ್ತವೆ. ಸ್ಪ್ಯಾನಿಶ್‌ನಲ್ಲಿ 'ಯೊವೆರ್ ಆ ಕಾಂತಾರೋಸ್', ಕಾಂತಾರೊ ಅಂದರೆ ನೀರಿನ ಕೊಡ. ನಮ್ಮ ಕುಂಭದ್ರೋಣ ಮಳೆಯಲ್ಲೂ ಇರೋದು ಕೊಡವೇ! 'ಸೆರ್ ಪಾನ್ ಕೊಮೀದೊ', ತಿಂದು ಮುಗಿಸಿದ ಬ್ರೆಡ್ಡು, ನಮಗದು ಸುಲಿದ ಬಾಳೆಹಣ್ಣು. ಇಂಗ್ಲಿಷಿನ ಬೆಕ್ಕಿಗೆ 9 ಜೀವ, ಸ್ಪ್ಯಾನಿಶ್ ಬೆಕ್ಕಿಗೆ 7. ಇಂಗ್ಲಿಷಿನವರಿಗೆ 13ನೇ ತಾರೀಕು ಶುಕ್ರವಾರ ಬಂದರೆ ಅಪಶಕುನ, ಸ್ಪೇನಿನವರಿಗೆ ಮಂಗಳವಾರ ಬಂದರೆ. ಇಂಥ ಕಡೆ ಅಂಕಿ, ವಾರ ಎಲ್ಲವನ್ನೂ ಬದಲಿಸಿಯೇ ಬರೆಯಬೇಕು.

ಇದೊಂದೇ ಇಟ್ಟುಕೊಂಡರೆ ಸಾಕಾ ಅಂದರೆ, ಸಾಕಾಗುವುದಿಲ್ಲ. ಜೊತೆಗೆ ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು ಇರಲಿ. ಅಕಾಡೆಮಿ ಶುರುವಾದದ್ದು 1713ರಲ್ಲಿ, ನಿಘಂಟಿನ 23ನೇ ಆವೃತ್ತಿ ಬಂದದ್ದು 2014ರಲ್ಲಿ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪೂರ್ತಿ ಸ್ಪ್ಯಾನಿಶ್‌ನಲ್ಲೇ ಇರೋದರಿಂದ ಮೊದಮೊದಲು ಕಷ್ಟ, ಆದರೆ ಅರ್ಥವನ್ನು ಬಿಡಿಸಿ ಹೇಳುವ ರೀತಿ ಚೆನ್ನಾಗಿದೆ. ಲ್ಯಾಟಿನ್ ಅಮೆರಿಕದ ಮಾತುಗಳಿಗೆ 2010ರ 'ದಿಕ್ಸಿಯೊನಾರಿಯೊ ದೆ ಅಮೆರಿಕಾನಿಸ್ಮೋಸ್' ಇದೆ.

ಇನ್ನು ಯಾವ ನಿಘಂಟೂ ಮಾಡಿಕೊಡದ ಕೆಲಸವೂ ಇದೆ. ಊಟ ಮುಗಿದ ಮೇಲೂ ಮೇಜು ಬಿಟ್ಟು ಏಳದೆ ಮಾತಾಡುತ್ತಾ ಕೂರುವ ಹೊತ್ತಿಗೆ ಸ್ಪ್ಯಾನಿಶ್‌ನಲ್ಲಿ 'ಸೊಬ್ರೆಮೇಸಾ' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಒಂದೇ ಪದ ಇಲ್ಲ. ಅಲ್ಲಿ ಪದ ಹುಡುಕೋದು ಬಿಟ್ಟು, ಎಲ್ಲರೂ ಮಾತಾಡುತ್ತಾ ಇನ್ನೂ ಅಲ್ಲೇ ಕೂತಿದ್ದರು ಅಂತ ಬಿಡಿಸಿ ಬರೆಯಬೇಕು. ಅದು ನಮ್ಮ ಕೆಲಸ.

ಅನುವಾದ ಮಾಡುವವರ, ಭಾಷೆ ಕಲಿಯುವವರ ಮಟ್ಟಿಗೆ ವರ್ಡ್‌ರೆಫರೆನ್ಸ್‌ಗೆ ನಾನು 5ಕ್ಕೆ 5 ಕೊಡುತ್ತೇನೆ. ಅವಸರದಲ್ಲಿ ಇಡೀ ಪ್ಯಾರಾಗೆ ಅನುವಾದ ಬೇಕು ಅನ್ನುವವರ ಮಟ್ಟಿಗೆ 3, ಯಾಕೆಂದರೆ ಇದು ನಿಘಂಟು, ಕೂತು ಓದಬೇಕು.

ಆ ಮೆಕ್ಸಿಕೊದ ಗ್ರಾಹಕಿ ಮೊನ್ನೆ ಮತ್ತೆ ಬರೆದಿದ್ದರು, ಈ ಸಲವೂ 'ಮೆ ದಾ ಪೇನಾ' ಅಂತಲೇ ಶುರು. ನಾನು ಬಿಲ್ಲಿನ ಕಾಪಿ ಲಗತ್ತಿಸಿ, ಮೇಲೆ 'ನೊ ಲೆ ದೆ ಪೇನಾ' ಅಂತ ಬರೆದೆ, ಸಂಕೋಚ ಪಡಬೇಡಿ ಅಂತ. ಐದೇ ನಿಮಿಷದಲ್ಲಿ ಥ್ಯಾಂಕ್ಸ್ ಅಂತ ಉತ್ತರ ಬಂತು.