ಸೊಂಟನೋವಿಗೆ ಎರಡು ಬಗೆಯ ಚಿಕಿತ್ಸೆ: ದಾಂಪತ್ಯದ ದೃಷ್ಟಿಯಿಂದ ಒಂದು ಹೋಲಿಕೆ

ಕಲಬುರಗಿಯ ಗಂಜಿನ ಅಡತ್ ಅಂಗಡಿಯಲ್ಲಿ ದಿನವಿಡೀ ಗಾದಿಯ ಮೇಲೆ ಕೂತು ತೊಗರಿಯ ಲೆಕ್ಕ ಬರೆಯುವ ನಾನು, ಸೊಂಟನೋವಿಗೆ ಎರಡು ವರ್ಷಗಳಲ್ಲಿ ಎರಡು ಚಿಕಿತ್ಸೆ ಮಾಡಿಸಿಕೊಂಡೆ. ಮೊದಲನೆಯದು ಕಾಡಲ್ ಎಪಿಡ್ಯೂರಲ್ ಇಂಜೆಕ್ಷನ್, ಅಂದರೆ ಬೆನ್ನುಮೂಳೆಯ ಕೆಳತುದಿಯಿಂದ ನರಗಳ ಸುತ್ತ ಔಷಧಿ ಹಾಕುವುದು. ಎರಡನೆಯದು ಬೆನ್ನುಮೂಳೆಯ ಕೀಲಿನ ನರವನ್ನು ಸುಡುವ ರೇಡಿಯೋಫ್ರೀಕ್ವೆನ್ಸಿ. ನನಗೆ ಒಗ್ಗಿದ್ದು ಎರಡನೆಯದು.

ಕಾಡಲ್ ವಿಧಾನದಲ್ಲಿ ಬಾಲಮೂಳೆಯ ಮೇಲಿನ ಸಂದಿಯಿಂದ ಮರಗಟ್ಟಿಸುವ ಔಷಧಿ ಮತ್ತು ಸ್ಟೀರಾಯ್ಡ್ ಹಾಕುತ್ತಾರೆ. ಜನನಾಂಗ, ಮೂತ್ರಕೋಶ, ಗುದದ್ವಾರಗಳಿಗೆ ಹೋಗುವ ನರಗಳ ಬೇರುಗಳು ಅಲ್ಲಿಯೇ ಇರುತ್ತವೆ ಎಂಬುದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ. ಅಂದು ಸಂಜೆ ತೊಡೆಗಳ ನಡುವಿನ ಭಾಗವೆಲ್ಲ ಜೋಮು ಹಿಡಿದು, ಮುಟ್ಟಿದರೂ ತಿಳಿಯದಂತಾಯಿತು. ಬೆಳಗಾಗುವಷ್ಟರಲ್ಲಿ ಜೋಮು ಇಳಿಯಿತು, ಹೆದರಿಕೆ ಇಳಿಯಲಿಲ್ಲ. ಮೂರು ವಾರ ನಿಮಿರುವಿಕೆ ಸರಿಯಾಗಲಿಲ್ಲ.

ಹತ್ತನೆಯ ದಿನ ತೋರಿಸಲು ಹೋದಾಗ ಪಕ್ಕದಲ್ಲಿ ಹೆಂಡತಿಯ ಅಣ್ಣ ನಿಂತಿದ್ದರು, ಮುಂದಿನ ರೋಗಿಯ ಮನೆಯವರು ಆಗಲೇ ಒಳಗೆ ಬಂದಿದ್ದರು. "ಸೊಂಟ ಈಗ ಅಡ್ಡಿಯಿಲ್ರೀ" ಎಂದಷ್ಟೇ ಹೇಳಿ ಎದ್ದು ಬಂದೆ. ಮನೆಯಲ್ಲಿ ವಿಷಯ ತಿಳಿದ ಹೆಂಡತಿ "ನೀವು ಕೇಳಲ್ಲಂದ್ರ ನಾನೇ ಕೇಳ್ತೀನಿ ತಗೋರಿ" ಎಂದು ವೈದ್ಯರಿಗೆ ಫೋನ್ ಮಾಡಿದಳು. ಮರಗಟ್ಟಿಸುವ ಔಷಧಿಯ ಪ್ರಭಾವ ಕೆಲವು ಗಂಟೆಗಳದ್ದು, ಉಳಿದದ್ದರಲ್ಲಿ ಆತಂಕದ ಪಾಲು ದೊಡ್ಡದು ಎಂದು ಅವರು ಐದು ನಿಮಿಷದಲ್ಲಿ ತಿಳಿಸಿದರು. ಆ ಐದು ನಿಮಿಷ ಮೊದಲೇ ಸಿಕ್ಕಿದ್ದರೆ ಮೂರು ವಾರದ ಸಂಕಟ ಇರುತ್ತಿರಲಿಲ್ಲ. ಆದರೆ ಜೋಮು ಇಳಿಯದೆ ಮೂತ್ರ ಕಟ್ಟಿದರೆ, ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ನಾಚಿಕೆ ಬಿಟ್ಟು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಬೇಕು.

ರೇಡಿಯೋಫ್ರೀಕ್ವೆನ್ಸಿಗೆ ಮೊದಲು ಪರೀಕ್ಷೆಗೆಂದು ಒಂದು ಇಂಜೆಕ್ಷನ್ ಕೊಟ್ಟು, ನೋವು ಇಳಿದರೆ ಮಾತ್ರ ಸೂಜಿಯ ತುದಿಯನ್ನು ಸುಮಾರು 80 ಡಿಗ್ರಿಗೆ ಕಾಯಿಸಿ ನರವನ್ನು ಸುಡುತ್ತಾರೆ. ಆ ಸಣ್ಣ ನರಗಳು ಬೆನ್ನಿನ ಕೀಲಿಗೂ ಅದರ ಪಕ್ಕದ ಸ್ನಾಯುವಿಗೂ ಸೇರಿದವು, ಜನನಾಂಗಕ್ಕೆ ಹೋಗುವುದಿಲ್ಲ. ನನಗೆ ಹತ್ತು ದಿನ ಬೆನ್ನು ಉರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಖರ್ಚು ಮಾತ್ರ ಕಾಡಲ್‌ನ ಮೂರು ಪಟ್ಟು ಬಂದಿತು, ಎರಡು ತಿಂಗಳ ಸಂಬಳ ಹೋಯಿತು.

ಬೆನ್ನುಮೂಳೆಗಳ ನಡುವಿನ ಡಿಸ್ಕ್ ನರವನ್ನು ಒತ್ತಿ ಕಾಲಿಗೆ ಸೆಳೆಯುವ ನೋವಿಗೆ ಈ ವಿಧಾನ ಹೊಂದುವುದಿಲ್ಲ. ಅಂಥವರಿಗೆ ಎಪಿಡ್ಯೂರಲ್ಲೇ ಬೇಕಾಗಬಹುದು. ನಡುವೆ ನಾನು ನುಂಗಿದ, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆಯೂ ಕೆಲವರಲ್ಲಿ ಆಸೆ ಕುಗ್ಗಿಸುತ್ತದೆ, ಆದರೆ ಅದನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಸುಟ್ಟ ನರ ಮತ್ತೆ ಬೆಳೆಯುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ನೋವು ಮರಳಬಹುದು. ತೊಗರಿಯ ಸುಗ್ಗಿಯೊಳಗೆ ಮರಳಿದರೆ ಇದನ್ನೇ ಮಾಡಿಸುತ್ತೇನೆ. ಆಸ್ಪತ್ರೆಗೆ ಜೊತೆಯಲ್ಲಿ ಹೆಂಡತಿಯನ್ನು ಮಾತ್ರ ಕರೆದೊಯ್ಯುತ್ತೇನೆ.